ನಾಲಿಗೆ ಸಾಹೇಬರ ತೀರ್ಪು

ಬೆಳಗಿನ ಟೀ ಕುಡಿದ ಮೇಲೆ ಗುಮಾಸ್ತರಿಗೆ ಸಿಟ್ಟು ಬರದಿದ್ದರೆ ಮನೆಯವರಿಗೆ ಗಾಬರಿಯಾಗುತ್ತಿತ್ತು. ಒಮ್ಮೆ ಹಾಗಾಗಿತ್ತು ಕೂಡ. ಅವತ್ತು ಹೆಂಡತಿ ಅವರ ಹಣೆ ಮುಟ್ಟಿ ನೋಡಿ, ನೂರಮೂರು ಡಿಗ್ರಿ ಜ್ವರವಿದೆ ಎಂದು ಗೊತ್ತಾದ ಮೇಲೆಯೇ ಸಮಾಧಾನಪಟ್ಟಿದ್ದಳು.

ಗುಮಾಸ್ತರದು ನೀರು ಸರಬರಾಜು ಕಚೇರಿಯ ದೂರು ವಿಭಾಗ. ನಲ್ಲಿಯಲ್ಲಿ ನೀರಿಲ್ಲ, ನೀರು ಬಂದರೆ ಕೆಸರು, ಕೆಸರಿಲ್ಲದಿದ್ದರೆ ಹುಳ. ಹೀಗೆ ಇಪ್ಪತ್ತೆಂಟು ವರ್ಷಗಳಿಂದ ಊರಿನ ಸಿಟ್ಟನ್ನೆಲ್ಲ ಅವರು ಒಂದು ಗೇಣುದ್ದದ ಕಿಂಡಿಯಲ್ಲಿ ಕಿವಿಯಿಟ್ಟು ಕೇಳಿಸಿಕೊಂಡಿದ್ದರು. ತುಂಬಿಕೊಂಡದ್ದನ್ನು ಎಲ್ಲಾದರೂ ಇಳಿಸಬೇಕಲ್ಲ? ಮೇಲಧಿಕಾರಿಯ ಮೇಲೆ ಇಳಿಸುವ ಹಾಗಿಲ್ಲ. ಜನರ ಮೇಲೆ ಇಳಿಸಿದರೆ ಅವರು ಕಿಂಡಿಯೊಳಗೆ ಕೈ ಹಾಕಿ ಕಾಲರ್ ಹಿಡಿಯುತ್ತಾರೆ. ಉಳಿದದ್ದು ಟೀ ಒಂದೇ.

“ಸುಟ್ಟಿದೆ!” ಎನ್ನುತ್ತಿದ್ದರು, ಮೊದಲ ಗುಟುಕಿಗೇ. “ಇದನ್ನ ಮಾಡಿದವರನ್ನ ಮೊದಲು ಮನೆಗೆ ಕಳಿಸಬೇಕು!”

“ಮಾಡಿದವಳು ಮನೇಲೇ ಇದ್ದೀನಿ. ಇನ್ನೆಲ್ಲಿಗೆ ಕಳಿಸ್ತೀರಿ?” ಎಂದು ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದ್ದಳು. ಆಮೇಲಾಮೇಲೆ ಕೇಳುವುದನ್ನು ಬಿಟ್ಟಿದ್ದಳು. ಗುಮಾಸ್ತರು ಬೈಯುತ್ತಿದ್ದರು, ಲೋಟ ಖಾಲಿ ಮಾಡುತ್ತಿದ್ದರು, ಕಚೇರಿಗೆ ಹೋಗುತ್ತಿದ್ದರು. ಆ ಮಾತಿನಿಂದ ಇಪ್ಪತ್ತಾರು ವರ್ಷಗಳಲ್ಲಿ ಒಂದು ಚಮಚವೂ ಅಲುಗಾಡಿರಲಿಲ್ಲ.

ಆದರೆ ಗುಮಾಸ್ತರ ಪಾಲಿಗೆ ಅದು ಬೈಗುಳವಾಗಿರಲಿಲ್ಲ, ಪಾಂಡಿತ್ಯವಾಗಿತ್ತು. ತಮ್ಮ ನಾಲಿಗೆಗೆ ಟೀ ಒಪ್ಪುವುದಿಲ್ಲವೆಂದರೆ ಆ ನಾಲಿಗೆ ಸಾಮಾನ್ಯದ್ದಲ್ಲ ಎಂದು ಅವರು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದರು. ಈ ತೀರ್ಮಾನಕ್ಕೆ ಗಾಳಿ ಹಾಕಿದವನು ಹೆಂಡತಿಯ ತಮ್ಮ. ಅವನು ಸೋಫಾ ಅಂಗಡಿಯಲ್ಲಿ ಮಾರಾಟಗಾರ. ಮುಳ್ಳಿನಂತೆ ಚುಚ್ಚುವ ಕುರ್ಚಿಯನ್ನೂ ಮೋಡದ ತುಂಡು ಎಂದು ಮಾರಬಲ್ಲ ಬಾಯಿ ಅವನದು. “ನಮ್ಮ ಭಾವನ ನಾಲಿಗೆ ಇದೆಯಲ್ಲ, ಅದನ್ನ ವಿಮೆ ಮಾಡಿಸಬೇಕು” ಎಂದು ಬಂಧುಗಳೆದುರು ಹೇಳುತ್ತಿದ್ದ. ಗುಮಾಸ್ತರು “ಸುಮ್ನಿರೋ” ಎನ್ನುತ್ತಿದ್ದರು, ಅವನು ಸುಮ್ಮನಾಗಬಾರದು ಎಂಬ ಧಾಟಿಯಲ್ಲಿ.

ಈ ಭಾವಮೈದ ಹಳೆಯ ಕಾರೊಂದನ್ನು ಕೊಂಡ. ಕಾರು ಕೊಂಡ ಮೇಲೆ ಯಾರನ್ನಾದರೂ ಎಲ್ಲಿಗಾದರೂ ಕರೆದುಕೊಂಡು ಹೋಗಲೇಬೇಕಾಯಿತು.

“ಭಾವ, ಬೆಟ್ಟದ ಮೇಲೆ ಟೀ ಕಾರ್ಖಾನೆ ಇದೆಯಂತೆ. ಎಲೆ ಹೇಗೆ ಪುಡಿ ಆಗುತ್ತೆ ಅಂತ ಒಳಗೆ ಕರ್ಕೊಂಡು ಹೋಗಿ ತೋರಿಸ್ತಾರಂತೆ. ನಿಮ್ಮಂಥೋರು ನೋಡ್ಬೇಕಾದ್ದು.”

ಹೀಗೆ ಗುಮಾಸ್ತರು, ಅವರ ಹೆಂಡತಿ ಮತ್ತು ಭಾವಮೈದ ಒಂದು ಬೆಳಿಗ್ಗೆ ಹೊರಟರು. ದಾರಿಯಲ್ಲಿ ಮೂರು ಕಡೆ ಟೀ ಕುಡಿದು, ಮೂರು ಕಡೆಯೂ ಜಗಳವಾಡಿ, ನಲವತ್ತು ತಿರುವು ಹತ್ತಿ ಹನ್ನೊಂದು ಗಂಟೆಗೆ ಕಾರ್ಖಾನೆಯ ಗೇಟಿನೆದುರು ಬಂದು ನಿಂತರು. ಗೇಟಿಗೆ ಒಂದು ರಟ್ಟು ತೂಗುಹಾಕಿತ್ತು: ‘ಇಂದು ಪ್ರವಾಸಿಗರಿಗೆ ಪ್ರವೇಶವಿಲ್ಲ’.

ಗುಮಾಸ್ತರ ಪಿತ್ತ ನೆತ್ತಿಗೇರಿತು.

“ಇದನ್ನ ಬೆಟ್ಟದ ಕೆಳಗೆ ಹಾಕಬಾರದಾ? ಮೇಲೆ ಹತ್ತಿಸಿ ಹೇಳೋದಾ? ಇದು ಕಾರ್ಖಾನೆನೋ, ತಮಾಷೆನೋ? ಕರೀರಿ ನಿಮ್ಮ ದೊಡ್ಡೋರನ್ನ!”

ಗೇಟಿನ ಕಾವಲುಗಾರ ಸಿಟ್ಟಿನವರನ್ನು ದಿನಾ ನೋಡಿದವನು. ಅವನು ಮಿಸುಕಲಿಲ್ಲ. ಆಗ ಭಾವಮೈದ ಕಾರಿನ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಶುರುಮಾಡಿದ.

“ಅಣ್ಣಾ, ಯಾರ ಜೊತೆ ಮಾತಾಡ್ತಿದೀರಾ ಗೊತ್ತಾ? ಇವರು ಟೀ ಬಾಯಿಗೆ ಇಟ್ರೆ ಯಾವ ದಿನ ಕಿತ್ತ ಎಲೆ ಅಂತ ಹೇಳ್ತಾರೆ. ನಾಲಿಗೆ ಅಂದ್ರೆ ನಾಲಿಗೆ!”

ಕಾವಲುಗಾರನ ಮುಖ ಬಿಳಿಚಿಕೊಂಡಿತು. ಅವನಿಗೆ ಮ್ಯಾನೇಜರು ಬೆಳಿಗ್ಗೆಯೇ ಕಟ್ಟುನಿಟ್ಟಾಗಿ ಹೇಳಿದ್ದರು. ದೊಡ್ಡ ಕಂಪನಿಯಿಂದ ಟೀ ರುಚಿ ನೋಡುವ ಪರೀಕ್ಷಕರು ಬರುತ್ತಾರೆ, ಅವರು ಒಪ್ಪಿದರೆ ಈ ವರ್ಷದ ಮಾಲೆಲ್ಲ ಒಂದೇ ಕಡೆ ಹೋಗುತ್ತದೆ, ಆದರೆ ಅವರಿಗೆ ಮೂಗಿನ ತುದಿಯಲ್ಲೇ ಕೋಪ, ತಡೆದು ನಿಲ್ಲಿಸಿದರೆ ನಿನ್ನ ಗತಿ ಅಷ್ಟೇ ಎಂದು. ಅವನು ಬೂಟಿನ ಸದ್ದಾಗುವಂತೆ ಒಂದು ಸಲಾಮು ಹೊಡೆದ.

“ನಾಲಿಗೆ ಸಾಹೇಬ್ರಾ? ಮೊದಲೇ ಹೇಳಬಾರದಾ ಸಾರ್!”

ಗುಮಾಸ್ತರು ಇಲ್ಲಿ ‘ನಾನು ಅವನಲ್ಲ’ ಎನ್ನಬಹುದಿತ್ತು. ಬಾಯಿಯನ್ನೂ ತೆರೆದರು. ಆದರೆ ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವರಿಗೆ ಯಾರೂ ಸಲಾಮು ಹೊಡೆದಿರಲಿಲ್ಲ. ಬಾಯಿ ತಾನಾಗಿ ಮುಚ್ಚಿಕೊಂಡಿತು. ಗೇಟು ತೆರೆಯಿತು.

“ರೀ, ಇವರು ಬೇರೆ ಯಾರನ್ನೋ ಅಂದ್ಕೊಂಡಿದಾರೆ” ಎಂದಳು ಹೆಂಡತಿ ಹಿಂದಿನಿಂದ.

“ನೀನು ಸುಮ್ನಿರು” ಎಂದರು ಗುಮಾಸ್ತರು.

ಮ್ಯಾನೇಜರು ಓಡಿಬಂದರು. ಮೊದಲು ಕಂಡದ್ದು ಗಂಟಿಕ್ಕಿದ ಹುಬ್ಬು. ಇನ್ನು ಗುರುತಿನ ಚೀಟಿ ಯಾಕೆ ಬೇಕು? ಒಳಗೆ ಮೊದಲ ಮಹಡಿಯಲ್ಲಿ ಉದ್ದುದ್ದ ತೊಟ್ಟಿಗಳು. ತಂತಿ ಬಲೆಯ ಮೇಲೆ ಹಸಿ ಎಲೆ ಮೊಣಕಾಲೆತ್ತರ ಹರಡಿತ್ತು, ಅಡಿಯಿಂದ ಫ್ಯಾನುಗಳು ಗಾಳಿ ಊದುತ್ತಿದ್ದವು.

“ಇಲ್ಲಿ ಎಲೆ ಬಾಡಿಸ್ತೀವಿ ಸಾರ್” ಎಂದರು ಮ್ಯಾನೇಜರು.

“ಬಾಡಿಸ್ತೀರಾ?” ಗುಮಾಸ್ತರು ಗದರಿದರು. “ತಾಜಾ ಎಲೆ ತಂದು ಯಾಕ್ರೀ ಬಾಡಿಸ್ಬೇಕು? ನಮ್ಮ ಬೀದಿ ತರಕಾರಿಯವನೂ ಇದನ್ನೇ ಮಾಡೋದು!”

ಮ್ಯಾನೇಜರು ಬೆವರೊರೆಸಿಕೊಂಡು ಪುಸ್ತಕದಲ್ಲಿ ‘ಬಾಡಿಸುವುದು: ಆಕ್ಷೇಪಣೆ’ ಎಂದು ಬರೆದುಕೊಂಡರು. ಕೆಳಗೆ ಎಲೆಯನ್ನು ಹೊಸೆದು ಹಿಂಡುವ ಯಂತ್ರಗಳು ಗಿರಗಿರನೆ ಸುತ್ತುತ್ತಿದ್ದವು. ಗುಮಾಸ್ತರು ಕಿವಿ ಮುಚ್ಚಿಕೊಂಡು ಸದ್ದಿಗೆ ಬೈದರು. ಹೊಸೆದ ಎಲೆ ತಟ್ಟೆಗಳಲ್ಲಿ ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು. “ತುಕ್ಕು ಹಿಡಿದಿದೆ” ಎಂದರು. ಬೈದಷ್ಟೂ ಮ್ಯಾನೇಜರ ನಂಬಿಕೆ ಗಟ್ಟಿಯಾಗುತ್ತ ಹೋಯಿತು. ಅವರ ಅನುಭವದಲ್ಲಿ ಏನೂ ಗೊತ್ತಿಲ್ಲದವರು ಹೊಗಳುತ್ತಿದ್ದರು. ಇಷ್ಟು ಅಸಮಾಧಾನ ಬೇಕಾದರೆ ಮನುಷ್ಯ ಬಹಳ ಓದಿರಬೇಕು.

ಹೆಂಡತಿ ಮಾತ್ರ ಪ್ರತಿ ಯಂತ್ರದ ಮುಂದೆಯೂ ಒಂದು ಕ್ಷಣ ನಿಂತು, ಕೆಲಸಗಾರರನ್ನು ಏನೋ ಕೇಳಿ, ತಲೆಯಾಡಿಸಿ ಮುಂದೆ ಬರುತ್ತಿದ್ದಳು. ಅವಳನ್ನು ಯಾರೂ ಗಮನಿಸಲಿಲ್ಲ.

ಮತ್ತೆ ಮಹಡಿ ಹತ್ತಿದರೆ ರುಚಿ ನೋಡುವ ಕೋಣೆ, ಅದರಲ್ಲಿ ಉದ್ದನೆಯ ಬಿಳಿ ಕಟ್ಟೆ. ಅದರ ಮೇಲೆ ಹನ್ನೆರಡು ಬಟ್ಟಲುಗಳಲ್ಲಿ ಹನ್ನೆರಡು ಟೀ. ಪಕ್ಕದಲ್ಲಿ ಚಮಚ, ಕುದಿಯುವ ನೀರಿನ ಕೆಟಲು, ನೆಲದ ಮೇಲೆ ಸೊಂಟದೆತ್ತರದ ಉಗುಳು ಪಾತ್ರೆ. ಟೀ ರುಚಿ ನೋಡುವವರು ಚಮಚದಲ್ಲಿ ಎತ್ತಿ, ಸುರ್ರೆಂದು ಎಳೆದು, ಉಗುಳುತ್ತಾರೆ. ಗುಮಾಸ್ತರಿಗೆ ಅದು ಹೇಗೆ ಗೊತ್ತಿರಬೇಕು? ಬಟ್ಟಲನ್ನೇ ಎತ್ತಿ ಗಟಗಟ ಕುಡಿದರು.

“ಹಾಲೆಲ್ಲಿ? ಸಕ್ಕರೆಯೆಲ್ಲಿ?” ಎಂದು ಗುಡುಗಿದರು. “ಬಂದವರಿಗೆ ಹೀಗೇನ್ರೀ ಕೊಡೋದು?”

“ಉಗಿಯಲ್ಲ, ನುಂಗ್ತಾರೆ!” ಎಂದು ಮ್ಯಾನೇಜರು ಭಾವಮೈದನ ಕಿವಿಯಲ್ಲಿ ಪಿಸುಗುಟ್ಟಿದರು.

“ಭಾವ ಯಾವತ್ತೂ ಹೊಟ್ಟೆಯಿಂದಲೇ ಪರೀಕ್ಷೆ ಮಾಡೋದು” ಎಂದ ಭಾವಮೈದ.

ಎರಡನೆಯದು ಕಹಿ, ಮೂರನೆಯದು ಒಗರು. ನಾಲ್ಕನೆಯದನ್ನೂ ಪೂರ್ತಿ ಕುಡಿದು ಗುಮಾಸ್ತರು ಮುಖ ಕಿವಿಚಿದರು. ಆಗ ಅವರ ಬಾಯಿಂದ, ಅಭ್ಯಾಸಬಲದಿಂದ, ದಿನಾ ಬೆಳಿಗ್ಗೆ ಬರುವ ಮಾತು ಬಂತು.

“ಸುಟ್ಟಿದೆ! ಇದನ್ನ ಮಾಡಿದವರನ್ನ ಮೊದಲು ಮನೆಗೆ ಕಳಿಸಬೇಕು!”

ಮನೆಯಲ್ಲಾಗಿದ್ದರೆ ಇಷ್ಟಕ್ಕೆ ಮುಗಿಯುತ್ತಿತ್ತು. ಇಲ್ಲಿ ಮ್ಯಾನೇಜರು ಗೋಡೆಯ ಮೇಲಿನ ಗಂಟೆ ಒತ್ತಿದರು.

ಎರಡು ನಿಮಿಷದಲ್ಲಿ ಒಬ್ಬ ಒಣಕಲು ಮನುಷ್ಯ ಬಂದು ನಿಂತ. ಎಲೆ ಒಣಗಿಸುವ ಯಂತ್ರದ ಯಜಮಾನಿಕೆ ಅವನದು. ಎಲ್ಲರೂ ಅವನನ್ನು ಒಲೆ ಮೇಸ್ತ್ರಿ ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಬಿಸಿಗಾಳಿಯೆದುರು ನಿಂತು ಅವನ ಹುಬ್ಬುಗಳ ಕೂದಲು ಉದುರಿಹೋಗಿತ್ತು.

“ಮೇಸ್ತ್ರಿ, ನೀನು ಇವತ್ತೇ ಮನೆಗೆ ಹೋಗು. ನಾಳೆಯಿಂದ ಬರಬೇಡ” ಎಂದರು ಮ್ಯಾನೇಜರು. “ಸಾಹೇಬರು ಸುಟ್ಟಿದೆ ಅಂತ ಹೇಳಿದಾರೆ.”

ಗುಮಾಸ್ತರು ಕೈಯಲ್ಲಿದ್ದ ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟರು.

“ಸುಟ್ಟಿದೆಯಾ?” ಮೇಸ್ತ್ರಿಯ ಕಣ್ಣು ಕೆಂಡವಾಯಿತು. “ಯಾವುದು ಸುಟ್ಟಿದೆ? ಎಲ್ಲಿ ಸುಟ್ಟಿದೆ? ಬಾಯಿ ಬಿಟ್ಟು ಹೇಳಿ ಸಾಹೇಬ್ರೇ! ನನ್ನ ಮಗಳ ಹೆರಿಗೆ ದಿನವೂ ಈ ಒಲೆ ಬಿಟ್ಟು ಹೋಗಿಲ್ಲ ನಾನು. ವಾಸನೆಯಲ್ಲೇ ಗೊತ್ತಾಗುತ್ತೆ ನಂಗೆ, ಅರ್ಧ ನಿಮಿಷ ಹೆಚ್ಚಾದ್ರೂ! ಸುಟ್ಟಿದೆಯಂತೆ!”

“ಸುಟ್ಟಿದೆ ಅಂದ್ರೆ… ಹಾಗೇನಲ್ಲ…” ಗುಮಾಸ್ತರು ಒಂದು ಹೆಜ್ಜೆ ಹಿಂದೆ ಸರಿದರು.

ಮೇಸ್ತ್ರಿ ತಲೆಯ ಟೋಪಿ ತೆಗೆದು ಬಿಳಿ ಕಟ್ಟೆಯ ಮೇಲೆ ಇಟ್ಟ. “ಸರಿ. ನಾನು ಹೊರಗಿನವನು ಇನ್ಮೇಲೆ.”

ಸುದ್ದಿ ಕಾರ್ಖಾನೆಯಲ್ಲಿ ಗಾಳಿಗಿಂತ ಬೇಗ ಹರಡಿತು. ಮೊದಲು ಟೀ ಪುಡಿ ಸೋಸುವ ಜರಡಿ ನಿಂತಿತು. ಆಮೇಲೆ ಹೊಸೆಯುವ ಯಂತ್ರ. ಆಮೇಲೆ ಮಹಡಿಯ ಫ್ಯಾನುಗಳು. ಅಷ್ಟು ಹೊತ್ತೂ ಗುಮಾಸ್ತರು ಬೈದಿದ್ದ ಸದ್ದು ಪೂರ್ತಿ ಅಡಗಿಹೋಯಿತು, ಮತ್ತು ಆ ಮೌನ ಅವರಿಗೆ ಇನ್ನೂ ಭಯಂಕರವಾಗಿ ಕೇಳಿಸಿತು. ಬಾಗಿಲಲ್ಲಿ ಐವತ್ತು ಜನ ಬಂದು ನಿಂತರು. ಯಾರೊಬ್ಬರ ಮುಖದಲ್ಲೂ ಸಲಾಮಿನ ಲಕ್ಷಣ ಇರಲಿಲ್ಲ.

“ಒಲೆ? ಒಲೆಯನ್ನೂ ನಿಲ್ಲಿಸಿದ್ರಾ?” ಮ್ಯಾನೇಜರು ಚೀರಿದರು. “ಒಳಗೆ ಎಲೆ ಇದೆಯಲ್ರೋ!”

“ಯಂತ್ರ ನಿಂತಿದೆ, ಬೆಂಕಿ ನಿಂತಿಲ್ಲ” ಎಂದ ಮೇಸ್ತ್ರಿ, ಕೈ ಕಟ್ಟಿಕೊಂಡು. “ಹತ್ತು ನಿಮಿಷದಲ್ಲಿ ಒಳಗಿನದೆಲ್ಲ ಕರಕಲು. ಸಾಹೇಬ್ರೇ, ಇನ್ನು ಸ್ವಲ್ಪ ಹೊತ್ತಿಗೆ ಒಂದು ವಾಸನೆ ಬರುತ್ತೆ. ಚೆನ್ನಾಗಿ ಎಳೆದುಕೊಳ್ಳಿ. ಸುಟ್ಟಿದ್ದು ಅಂದ್ರೆ ಅದು.”

ಒಬ್ಬ ಮನುಷ್ಯನನ್ನು ಮನೆಗೆ ಕಳಿಸಿಬಿಟ್ಟೆ ಎಂಬುದು ಗುಮಾಸ್ತರಿಗೆ ಆಗ ಹೊಳೆಯಿತು. ಜೀವಮಾನದಲ್ಲಿ ಆಡದ ಮಾತನ್ನು ಅವರು ಆಡಿದರು.

“ನಂಗೆ ಟೀ ಬಗ್ಗೆ ಏನೂ ಗೊತ್ತಿಲ್ಲ. ನಾನು ಪರೀಕ್ಷಕ ಅಲ್ಲ. ನೀರು ಸರಬರಾಜು ಕಚೇರಿ ಗುಮಾಸ್ತ.”

ಮ್ಯಾನೇಜರು ಕೈ ಮುಗಿದರು. “ನಮ್ಮನ್ನ ಪರೀಕ್ಷೆ ಮಾಡ್ತಿದೀರಾ ಸಾರ್. ದೊಡ್ಡೋರು ಹೀಗೇ ತಮ್ಮನ್ನ ಕಡಿಮೆ ಮಾಡಿಕೊಂಡು ಮಾತಾಡೋದು.”

“ನಿಜವಾಗ್ಲೂ ಗೊತ್ತಿಲ್ಲ ಕಣ್ರೀ!”

“ಐವತ್ತು ಜನ ನೋಡಿ ಹೆದರಿ ಈಗ ಮಾತು ತಿರುಗಿಸ್ತೀರಾ?” ಮೇಸ್ತ್ರಿ ಮುಂದೆ ಬಂದ. “ನನಗೆ ಭಿಕ್ಷೆ ಬೇಡ. ಸುಟ್ಟಿದ್ರೆ ಸುಟ್ಟಿದೆ ಅನ್ನಿ. ಇಲ್ಲ ಅಂದ್ರೆ ಇಲ್ಲ ಅಂತ ರುಜುವಾತು ಮಾಡಿ!”

ಗುಮಾಸ್ತರು ಭಾವಮೈದನ ಕಡೆ ನೋಡಿದರು. “ನೀನಾದ್ರೂ ಹೇಳೋ!”

“ಭಾವನಿಗೆ ವಿನಯ ಜಾಸ್ತಿ” ಎಂದ ಆ ಮಹಾನುಭಾವ. ಮಾರಾಟದ ಬಾಯಿ, ಅದಕ್ಕೆ ಬೇರೆ ದಿಕ್ಕಿಗೆ ತಿರುಗಲು ಬರುತ್ತಿರಲಿಲ್ಲ.

“ಮುಚ್ಚೋ ಬಾಯಿ!”

ಎಲ್ಲರೂ ತಿರುಗಿ ನೋಡಿದರು. ಗೋಡೆಗೊರಗಿ ನಿಂತಿದ್ದ ಗುಮಾಸ್ತರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ಅವಳ ಮೂಗಿನ ಹೊಳ್ಳೆಗಳು ಅರಳಿದ್ದವು. ಗುಮಾಸ್ತರು ಆ ಮುಖವನ್ನು ಮೊದಲು ನೋಡಿರಲಿಲ್ಲ.

“ನಾನು ಹೇಳ್ತೀನಿ ಇವರ ನಾಲಿಗೆ ವಿಷಯ. ಇಪ್ಪತ್ತಾರು ವರ್ಷದಿಂದ ದಿನಾ ಎರಡು ಸಲ ಇದೇ ಮಾತು, ಸುಟ್ಟಿದೆ, ಮಾಡಿದವಳನ್ನ ಮನೆಗೆ ಕಳಿಸಿ. ಒಂದು ಸಲ ಹಟಕ್ಕೆ ಬಿದ್ದು ತಿಂಗಳಿಡೀ ಎಂಟು ಥರ ಪುಡಿ ತಂದು ಹಾಕಿದೆ. ಎಂಟೂ ಸುಟ್ಟಿತ್ತಂತೆ! ನಾನು ಊರಲ್ಲಿಲ್ಲದಾಗ ಪಕ್ಕದ ಮನೆಯವರು ಕಾಫಿ ಕಳಿಸಿದ್ರು. ಅದನ್ನ ಕುಡಿದು ಏನಂದ್ರು ಗೊತ್ತಾ? ಟೀ ಸುಟ್ಟಿದೆ ಅಂದ್ರು! ಕಾಫಿಗೆ!”

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಮೇಸ್ತ್ರಿಯ ಮುಖ ಮಾತ್ರ ಸಡಿಲಾಗಲಿಲ್ಲ.

“ಗಂಡನ್ನ ಉಳಿಸೋಕೆ ಹೆಂಡತಿ ಏನು ಬೇಕಾದ್ರೂ ಹೇಳ್ತಾಳಮ್ಮ.”

“ಉಳಿಸೋಕಾ? ಇವರನ್ನಾ?” ಅವಳು ಮ್ಯಾನೇಜರ ಹೆಗಲ ಮೇಲಿದ್ದ ಟವೆಲ್ಲು ಎಳೆದುಕೊಂಡು ಗಂಡನ ಕಣ್ಣಿಗೆ ಬಿಗಿದಳು. “ರುಜುವಾತು ತಾನೇ ಬೇಕು? ರೀ, ಬಾಯಿ ತೆಗೀರಿ. ಈಗೊಂದು ಕೊಡ್ತೀನಿ. ಜೀವನದಲ್ಲಿ ಒಂದೇ ಒಂದು ಸಲ ಗಮನ ಇಟ್ಟು ಕುಡಿದು ಹೇಳಿ.”

ಅವಳು ಒಂದು ಖಾಲಿ ಬಟ್ಟಲು ತೆಗೆದುಕೊಂಡು, ಎಲ್ಲರೂ ನೋಡುತ್ತಿರುವಂತೆಯೇ, ಕೆಟಲಿನಿಂದ ಬರೀ ಬಿಸಿನೀರು ಸುರಿದು, ಅವರ ಕೈಗಿಟ್ಟಳು.

ಮನುಷ್ಯ ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು ಎಂದೇ ಹೇಳಬೇಕು. ಒಂದು ಗುಟುಕು ಎಳೆದು ಕೆನ್ನೆಯಿಂದ ಕೆನ್ನೆಗೆ ಹೊರಳಿಸಿದರು. ಹುಬ್ಬೇರಿಸಿದರು. ಒಬ್ಬ ಮನುಷ್ಯನ ಅನ್ನ ತಮ್ಮ ನಾಲಿಗೆಯ ಮೇಲಿದೆ ಎಂದು ಅವರಿಗೆ ಗೊತ್ತಿತ್ತು. ಇನ್ನೊಂದು ಗುಟುಕು ಕುಡಿದು ನಿಧಾನವಾಗಿ ಹೇಳಿದರು.

“ಇದು ಪರವಾಗಿಲ್ಲ. ಸ್ವಲ್ಪ ತೆಳುವಾಯ್ತು. ಆದ್ರೆ ಎಲೆ ಒಳ್ಳೇದು. ಇದು ಸುಟ್ಟಿಲ್ಲ.”

ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವರ ಮಾತು ಅದು.

ಐವತ್ತು ಜನ ಒಮ್ಮೆಲೇ ನಕ್ಕ ಸದ್ದಿಗೆ ತಗಡಿನ ಮಾಡು ಅದುರಿತು. ಅದೇ ಹೊತ್ತಿಗೆ ಕೆಳಗಿನಿಂದ ಕರಕಲು ವಾಸನೆಯ ಮೊದಲ ಎಳೆ ತೇಲಿಬಂತು. ಮೇಸ್ತ್ರಿ ನಗಲಿಲ್ಲ. ಟೋಪಿ ಬಾಚಿಕೊಂಡು, “ಏಯ್, ಗಾಳಿ ಬಿಡ್ರೋ! ತಟ್ಟೆ ಎಳೀರಿ!” ಎಂದು ಕೂಗುತ್ತ ಮೆಟ್ಟಿಲು ಹಾರಿ ಓಡಿದ. ಅವನ ಹಿಂದೆ ಐವತ್ತು ಜನ ಓಡಿದರು. ಯಂತ್ರಗಳು ಮತ್ತೆ ಗುಡುಗಿದವು.

ಗುಮಾಸ್ತರು ಟವೆಲ್ಲು ಬಿಚ್ಚಿಕೊಂಡು ಬಟ್ಟಲಿನೊಳಗೆ ನೋಡಿದರು. ತಳದ ಬಿಳಿ ಬಣ್ಣ ಸ್ಪಷ್ಟವಾಗಿ ಕಾಣುತ್ತಿತ್ತು.

ಆಗ ಬಾಗಿಲಲ್ಲಿ ಇನ್ನೊಂದು ಸಿಟ್ಟು ಬಂದು ನಿಂತಿತು. ಪುಟ್ಟ ಆಕಾರದ, ಕನ್ನಡಕದ ಹೆಂಗಸು, ಕೈಯಲ್ಲಿ ಚರ್ಮದ ಚೀಲ. ಹಿಂದೆ ಕಾವಲುಗಾರ ಕೈ ಹಿಸುಕಿಕೊಳ್ಳುತ್ತಿದ್ದ.

“ಒಂದು ಗಂಟೆ ಗೇಟಲ್ಲಿ ನಿಲ್ಲಿಸಿದಾರೆ ನನ್ನನ್ನ. ಪರೀಕ್ಷಕರು ಒಳಗಿದಾರಂತೆ!”

“ಅವರು ನಿಮಗಿಂತ ಜೋರಾಗಿ ಬೈದ್ರು ಮೇಡಂ” ಎಂದ ಕಾವಲುಗಾರ. “ಅದಕ್ಕೇ ಅವರೇ ನಿಜವಾದೋರು ಅಂದ್ಕೊಂಡೆ.”

ಆಕೆ ಚೀಲದಿಂದ ತನ್ನದೇ ಚಮಚ ತೆಗೆದು, ಹೊಸದಾಗಿ ಟೀ ಹಾಕಿಸಿ, ಹನ್ನೆರಡೂ ಬಟ್ಟಲುಗಳನ್ನು ಸುರ್ರೆಂದು ಎಳೆದು, ಬಂದೂಕಿನ ಗುರಿಯಲ್ಲಿ ಉಗುಳುತ್ತ ಹೋದಳು. ಐದು ನಿಮಿಷದಲ್ಲಿ ಮುಗಿಯಿತು.

“ಹನ್ನೊಂದು ಚೆನ್ನಾಗಿದೆ. ಒಣಗಿಸಿದವರ ಕೈ ಬಹಳ ಹದ. ಏಳನೆಯದು ಮುಗ್ಗಲು. ಬಾಡಿಸೋವಾಗ ಫ್ಯಾನ್ ನಿಂತಿತ್ತಾ?”

ಒಂದು ತೊಟ್ಟಿಯ ಫ್ಯಾನು ಆಗಾಗ ನಿಲ್ಲುತ್ತಿದ್ದದ್ದು ನಿಜ. ರಿಪೇರಿ ಮಾಡಿಸಿ ಎಂದು ಮೂರು ವಾರದಿಂದ ಹೇಳುತ್ತಿದ್ದವನು ಒಲೆ ಮೇಸ್ತ್ರಿಯೇ. ಆ ಮಾತು ಬೆಳೆಯದಿರಲಿ ಎಂದು ಮ್ಯಾನೇಜರು ಗುಮಾಸ್ತರ ಮೇಲೆ ಹರಿಹಾಯ್ದರು.

“ನೀವು ಮೋಸಗಾರರು! ನಿಮ್ಮಿಂದ ನನ್ನ ಮೇಸ್ತ್ರಿ ಕೆಲಸ ಹೋಗ್ತಿತ್ತು! ಪೊಲೀಸರನ್ನ ಕರೆಸ್ತೀನಿ!”

“ಕರೆಸಿ” ಎಂದಿತು ಮೆಟ್ಟಿಲ ಕಡೆಯಿಂದ ಒಂದು ದನಿ. ಮೇಸ್ತ್ರಿ ಮುಖಕ್ಕೆಲ್ಲ ಮಸಿ ಮೆತ್ತಿಸಿಕೊಂಡು ಬಂದಿದ್ದ. “ಒಂದೇ ತಟ್ಟೆ ಹೋಯ್ತು, ಮಿಕ್ಕಿದ್ದು ಉಳೀತು. ಪೊಲೀಸರು ಬಂದ್ರೆ ನಾನೂ ಒಂದು ಮಾತು ಹೇಳ್ತೀನಿ. ಈ ಮನುಷ್ಯ ಬಾಯಿಗೆ ಬಂದಿದ್ದು ಒದರಿದ್ದು ಹೌದು. ಆದ್ರೆ ಮೂವತ್ತೊಂದು ವರ್ಷದ ಕೆಲಸದವನನ್ನ ಒಂದು ಮಾತೂ ಕೇಳದೆ ಮನೆಗೆ ಹೋಗು ಅಂದಿದ್ದು ಇವರಲ್ಲ. ನೀವು.”

ಮ್ಯಾನೇಜರು ಪುಸ್ತಕ ತೆರೆದು ಏನನ್ನೋ ಬಹಳ ಆಸಕ್ತಿಯಿಂದ ಓದತೊಡಗಿದರು.

ಗುಮಾಸ್ತರು ಮೇಸ್ತ್ರಿಯ ಮುಂದೆ ಹೋಗಿ ನಿಂತರು. “ತಪ್ಪಾಯ್ತು” ಎಂದರು. ಈ ಶಬ್ದಕ್ಕೂ ಅವರಿಗೂ ಪರಿಚಯ ಕಡಿಮೆ, ಆದ್ದರಿಂದ ಅರ್ಧ ಗಂಟಲಲ್ಲೇ ಉಳಿಯಿತು.

“ನಾನು ನಿಮ್ಮ ಮಾತು ಕೇಳಿದ್ದು ಒಂದು ಸಲ. ಅಷ್ಟಕ್ಕೇ ರಕ್ತ ಕುದೀತು” ಎಂದ ಮೇಸ್ತ್ರಿ. “ಈಯಮ್ಮ ದಿನಕ್ಕೆ ಎರಡು ಸಲ ಕೇಳಿದಾರೆ. ನನ್ನ ಹತ್ರ ಏನು ಹೇಳ್ತೀರಿ?” ಆಮೇಲೆ ಗುಮಾಸ್ತರ ಹೆಂಡತಿಯ ಕಡೆ ತಿರುಗಿದ. “ಬನ್ನಿ ಅಮ್ಮ. ನೀವು ಆಗ ಹೊಸೆಯೋ ಯಂತ್ರದ ಹತ್ರ ಏನೋ ಕೇಳ್ತಿದ್ರಂತೆ, ಹುಡುಗಿಯರು ಹೇಳಿದ್ರು. ಎಲ್ಲ ಸರಿಯಾಗಿ ತೋರಿಸ್ತೀನಿ.”

ಗುಮಾಸ್ತರೂ ಹಿಂದೆ ಹೊರಟರು.

“ನೀವಲ್ಲ” ಎಂದ ಮೇಸ್ತ್ರಿ.

ಕಾವಲುಗಾರ ಅವರನ್ನೂ ಭಾವಮೈದನನ್ನೂ ಗೇಟಿನ ಹೊರಗೆ ತಂದು ಬಿಟ್ಟ. ಈ ಸಲ ಸಲಾಮು ಇರಲಿಲ್ಲ. ಗುಮಾಸ್ತರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ಭಾವಮೈದ “ಭಾವ, ಏನೇ ಅನ್ನಿ, ಗೇಟಲ್ಲಿ ನಾನು…” ಎಂದು ಶುರುಮಾಡಿ, ಅವರ ಮುಖ ನೋಡಿ, ಕಾರಿನ ಗಾಜು ಒರೆಸಲು ಎದ್ದುಹೋದ.

ಹೆಂಡತಿ ಹೊರಗೆ ಬಂದದ್ದು ಒಂದೂವರೆ ಗಂಟೆಯ ಮೇಲೆ. ತಲೆಗೂದಲಲ್ಲಿ ಟೀ ದೂಳು, ಕೆನ್ನೆಯಲ್ಲಿ ಬಿಸಿಗಾಳಿಯ ಕೆಂಪು. ಪರೀಕ್ಷಕಿಯೂ ಅವಳೂ ಗೇಟಿನವರೆಗೆ ಏನೋ ಮಾತಾಡುತ್ತ ಬಂದರು.

ಗುಮಾಸ್ತರು ಎದ್ದರು. “ಎಷ್ಟು ಹೊತ್ತು! ಇಲ್ಲಿ ಬಿಸಿಲಲ್ಲಿ…” ಎಂದವರು ಅಷ್ಟಕ್ಕೇ ತಡೆದುಕೊಂಡರು. “ಹೇಗಿತ್ತು?”

ಹೆಂಡತಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮುಂದಿನ ಸೀಟು ನಂಗೆ. ಬರುವಾಗ ಚೀಲಗಳ ಮಧ್ಯೆ ಕಾಲು ಮರಗಟ್ಟಿಹೋಯ್ತು. ನೀವು ಹಿಂದೆ ಕೂತ್ಕೊಳ್ಳಿ, ಹೇಳ್ತೀನಿ.”

ಕಾರು ಇಳಿಯತೊಡಗಿತು. ಅವಳು ಹೇಳಿದಳು. ಎಲೆ ಎಷ್ಟು ಬಾಡಬೇಕು, ಎಷ್ಟು ಹೊಸೆಯಬೇಕು, ತಾಮ್ರದ ಬಣ್ಣ ಬಂದಾಗ ಮೂಗಿಗೆ ಏನು ಗೊತ್ತಾಗುತ್ತದೆ, ಬಿಸಿಗಾಳಿಯಲ್ಲಿ ಅರ್ಧ ನಿಮಿಷ ಹೆಚ್ಚಾದರೆ ಏನಾಗುತ್ತದೆ. ಗುಮಾಸ್ತರು ಚೀಲಗಳ ನಡುವೆ ಮೊಣಕಾಲು ಮಡಚಿಕೊಂಡು ಒಂದು ಮಾತೂ ಆಡದೆ ಕೇಳಿದರು. ಭಾವಮೈದ ಎರಡು ಸಲ ಬಾಯಿ ಹಾಕಿದ. “ನೀನು ರಸ್ತೆ ನೋಡು” ಎಂದಳು ಅಕ್ಕ.

ಹದಿನೈದನೆಯ ತಿರುವಿನಲ್ಲಿ ಮಾತು ನಿಂತಿತು. ಕಾರಿನಲ್ಲಿ ಎಂಜಿನ್ ಸದ್ದು ಬಿಟ್ಟರೆ ಏನೂ ಇಲ್ಲ. ಗುಮಾಸ್ತರಿಗೆ ಅದು ಸಹಿಸಲಾಗಲಿಲ್ಲ. ಹಿಂದಿನ ಸೀಟಿನಿಂದ ಮೆತ್ತಗೆ ಕೇಳಿದರು.

“ಆಮೇಲೆ?”

ಅವಳು ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕೂತಳು.

“ಟೀ ವಿಷಯ ಮುಗೀತು” ಎಂದಳು. “ಇನ್ನು ಮದುವೆಯಾದ ಮೊದಲನೇ ವರ್ಷಕ್ಕೆ ಬರ್ತೀನಿ.”

ಊರು ಇನ್ನೂ ನಾಲ್ಕು ಗಂಟೆಯ ದಾರಿಯಿತ್ತು.